ಕಿಟಕಿಗೆ ಸಿಕ್ಕುವುದು ಎರಡೇ ಬೋಗಿ

ನಮ್ಮಮ್ಮನದು ಅಂತ ಮನೆಯಲ್ಲಿ ಉಳಿದಿರುವುದು ಒಂದೇ ಒಂದು ಫೋಟೊ. ಓಕಳಿಪುರದ ನಮ್ಮ ಹಳೇ ವಠಾರದ ಮುಂದೆ ಅವಳು ಬಗ್ಗಿ ರಂಗೋಲಿ ಇಡುತ್ತಿದ್ದಾಳೆ. ಯಾರೋ ಕೂಗಿರಬೇಕು, ಮುಖ ಮಾತ್ರ ಇತ್ತ ತಿರುಗಿದೆ. ಮೂಗುಬೊಟ್ಟಿನ ಮೇಲೆ ಎಳೆಬಿಸಿಲು ಬಿದ್ದು ಸಾಸಿವೆ ಕಾಳಿನಷ್ಟು ಹೊಳಪು. ಹಿಂದೆ ರೈಲ್ವೆ ಹಳಿಯ ಬೇಲಿ. ಆ ಫೋಟೊ ಎಷ್ಟೋ ವರ್ಷ ಕಬ್ಬಿಣದ ಟ್ರಂಕಿನ ತಳದಲ್ಲಿತ್ತು. ತೇವ ಕುಡಿದು, ಬೂಷ್ಟು ಹಿಡಿದು, ಈಗ ಅದರ ಮೇಲೆಲ್ಲ ಬಿಳಿ ಚುಕ್ಕೆಗಳು, ಯಾರೋ ರವೆ ಚೆಲ್ಲಿದ ಹಾಗೆ.

ಏಳನೇ ತರಗತಿಯ ನನ್ನ ಮೊಮ್ಮಗಳು ಬೇಸಿಗೆ ರಜೆಯಲ್ಲಿ ಅದನ್ನು ಸ್ಕ್ಯಾನ್ ಮಾಡಿಸಿಕೊಂಡು ಬಂದಳು. ಕಂಪ್ಯೂಟರಿನ ಪರದೆಯ ಮೇಲೆ ಚುಕ್ಕೆಗಳು ಇನ್ನೂ ದೊಡ್ಡದಾಗಿ ಕಂಡವು. "ತಾತ, ಇವನ್ನೆಲ್ಲ ಒರೆಸಕ್ಕಾಗಲ್ವಾ?" ಅಂದಳು. ಒಂದೊಂದನ್ನೇ ಕೈಯಿಂದ ಒರೆಸುತ್ತ ಕೂತರೆ ರಜೆ ಮುಗಿದುಹೋಗುತ್ತದೆ. ಕಂಪ್ಯೂಟರಿಗೇ ಒರೆಸುವುದನ್ನು ಕಲಿಸೋಣ ಅಂದೆ. ನಾನು ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವನು. ಆದರೂ ಈ ಕೆಲಸದಲ್ಲಿ ನಾವಿಬ್ಬರೂ ಜೊತೆಯಾಗಿಯೇ ಕಲಿತೆವು. ಕಲಿತದ್ದನ್ನು ನಿಮಗೂ ಹೇಳುತ್ತೇನೆ.

ಓಕಳಿ ಅಂದರೆ ಬಣ್ಣದ ನೀರು. ಊರಿನ ಹೆಸರಿನಲ್ಲಿ ಅಷ್ಟು ಬಣ್ಣವಿದ್ದರೂ ಫೋಟೊದಲ್ಲಿ ಒಂದು ಹನಿಯೂ ಇಲ್ಲ. ಇಂಥದ್ದನ್ನು ಕಪ್ಪು-ಬಿಳುಪು ಫೋಟೊ ಅನ್ನುತ್ತೇವೆ. ಹತ್ತಿರದಿಂದ ನೋಡಿದರೆ ಅಚ್ಚ ಕಪ್ಪು, ಅಚ್ಚ ಬಿಳುಪು ಇರುವುದು ತೀರ ಕಡಿಮೆ. ಮಿಕ್ಕಿದ್ದೆಲ್ಲ ಬೂದಿ ಬಣ್ಣವೇ: ಒಲೆಯ ಬೂದಿಯಂಥದ್ದು, ಸಿಮೆಂಟಿನಂಥದ್ದು, ಮಳೆ ಮೋಡದಂಥದ್ದು. ಕಂಪ್ಯೂಟರು ಈ ಬೂದುಗಳಿಗೆ ಅಂಕಿ ಕೊಡುತ್ತದೆ. ಕಡುಕಪ್ಪಿಗೆ 0, ಬೆಳ್ಳನೆ ಬಿಳುಪಿಗೆ 255. ನಡುವಿನವೆಲ್ಲ ನಡುವಿನ ಅಂಕಿಗಳು. ಒಟ್ಟು 256 ಮೆಟ್ಟಿಲು. ಅದೇಕೆ 256? ಒಂದು ಚುಕ್ಕಿಯ ಲೆಕ್ಕಕ್ಕೆ ಕಂಪ್ಯೂಟರು ಎಂಟು ಸ್ವಿಚ್ಚುಗಳನ್ನು ಇಟ್ಟುಕೊಂಡಿರುತ್ತದೆ. ಒಂದೊಂದು ಸ್ವಿಚ್ಚೂ ಹಾಕಿರಬಹುದು, ಆರಿಸಿರಬಹುದು. ಎಂಟು ಎರಡುಗಳನ್ನು ಒಂದಕ್ಕೊಂದು ಗುಣಿಸಿ ನೋಡಿ, ಅಷ್ಟೇ ಬರುತ್ತದೆ.

ನಮ್ಮ ಸ್ಕ್ಯಾನಿನಲ್ಲಿ ಅಡ್ಡಕ್ಕೆ 4000, ಉದ್ದಕ್ಕೆ 3000 ಚುಕ್ಕಿ. ಅಂದರೆ 1 ಕೋಟಿ 20 ಲಕ್ಷ. ಇವನ್ನೇ ಪಿಕ್ಸೆಲ್ ಅನ್ನುವುದು. ಅಮ್ಮ ರಂಗೋಲಿಗೆ ಮೊದಲು ಚುಕ್ಕಿ ಇಟ್ಟು ಸಾಲು ಮಾಡಿಕೊಳ್ಳುತ್ತಿದ್ದಳಲ್ಲ, ಹಾಗೆಯೇ ಇವೂ ಸಾಲುಸಾಲಾಗಿ ಕೂತಿರುತ್ತವೆ. ಅಮ್ಮನ ಚುಕ್ಕಿಗಳೆಲ್ಲ ಒಂದೇ ಬಿಳುಪು. ಇಲ್ಲಿ ಚುಕ್ಕಿಗೊಂದು ಅಂಕಿ.

ಈಗ ಒಂದು ಆಟ. ಅಂಕಿಯನ್ನು ಎತ್ತರ ಅಂದುಕೊಳ್ಳಿ. 255 ಅಂದರೆ ಗೋಪುರ, 0 ಅಂದರೆ ಬಾವಿಯ ತಳ. ಆಗ ಫೋಟೊ ಅನ್ನುವುದು ಗುಡ್ಡ-ಹಳ್ಳಗಳ ಒಂದು ಊರಾಗುತ್ತದೆ. ಅಮ್ಮನ ಸೀರೆಯ ಬಿಳಿ ಅಂಚು ಉದ್ದನೆಯ ಏರಿ. ಅವಳ ಜಡೆ ಒಂದು ಕಣಿವೆ. ಬೂಷ್ಟಿನ ಒಂದೊಂದು ಚುಕ್ಕೆಯೂ ಬಯಲ ನಡುವೆ ನೆಟ್ಟಗೆ ನಿಂತ ಕಂಬ. ಕಂಬಗಳನ್ನು ಉರುಳಿಸಬೇಕು, ಏರಿ ಹಾಗೇ ಉಳಿಯಬೇಕು. ಹೇಗೆ?

ಒಂದೇ ಸಾಲನ್ನು ತೆಗೆದುಕೊಂಡು ನೋಡೋಣ. ಇದರಲ್ಲಿ ಒಂದು ಬೂಷ್ಟಿನ ಚುಕ್ಕೆ ಇದೆ, ಸೀರೆಯ ಅಂಚೂ ಇದೆ.

40 42 41 200 43 40 180 182 181 179 44

ಒಂಟಿಯಾಗಿ ನಿಂತ 200 ಬೂಷ್ಟು. ಜೊತೆಯಾಗಿ ನಿಂತ ನಾಲ್ಕು ಮಂದಿ, 180, 182, 181, 179, ಸೀರೆಯ ಅಂಚು. ಮೊದಲ ಆಜ್ಞೆ ಹೀಗೆ: ಪ್ರತಿಯೊಬ್ಬರೂ ತಾನು, ಎಡಗಡೆಯವರು, ಬಲಗಡೆಯವರು, ಹೀಗೆ ಮೂವರನ್ನು ನೋಡಿ, ಮೂವರಲ್ಲಿ ಕುಳ್ಳರು ಯಾರೋ ಅವರಷ್ಟೇ ಎತ್ತರಕ್ಕೆ ಕುಗ್ಗಬೇಕು. ಸಾಲಿನ ತುದಿಯವರಿಗೆ ಒಂದೇ ಪಕ್ಕ, ಅವರು ಇಬ್ಬರನ್ನು ನೋಡಿದರೆ ಸಾಕು. ಎಲ್ಲರೂ ಹಳೇ ಸಾಲನ್ನೇ ನೋಡಬೇಕು, ಕುಗ್ಗಿದವರನ್ನಲ್ಲ. ಬಂದದ್ದು ಇದು:

40 40 41 41 40 40 40 180 179 44 44

200 ಎಲ್ಲಿ ಹೋಯಿತು ನೋಡಿ! ಅದರ ಅಕ್ಕಪಕ್ಕ ಇದ್ದವರಿಬ್ಬರೂ ಕುಳ್ಳರು, ಹಾಗಾಗಿ ಅದೂ ನೆಲಕ್ಕಿಳಿಯಿತು. ಸೀರೆಯ ಅಂಚೂ ಎರಡು ಕಡೆ ಸವೆದು ನಾಲ್ಕರಿಂದ ಎರಡಾಗಿದೆ, ನಿಜ. ಅದಕ್ಕೇ ಎರಡನೇ ಆಜ್ಞೆ: ಈಗ ಮೂವರಲ್ಲಿ ಎತ್ತರದವರು ಯಾರೋ ಅವರಷ್ಟು ಬೆಳೆಯಿರಿ.

40 41 41 41 41 40 180 180 180 179 44

ಅಂಚು ಮತ್ತೆ ನಾಲ್ಕಾಯಿತು. ಬೂಷ್ಟು ಮಾತ್ರ ಮರಳಿ ಬರಲಿಲ್ಲ. ಬರಲು ಅಲ್ಲಿ ಒಂದು ಬೀಜವೂ ಉಳಿದಿರಲಿಲ್ಲವಲ್ಲ. ಮೊದಲನೆಯ ಕೆಲಸಕ್ಕೆ ಸವೆಸುವುದು, ಎರಡನೆಯದಕ್ಕೆ ಹಿಗ್ಗಿಸುವುದು ಅನ್ನೋಣ. ಸವೆಸಿ ಆಮೇಲೆ ಹಿಗ್ಗಿಸಿದರೆ ಬಿಳಿ ಚೂರುಗಳು ಹೋಗುತ್ತವೆ. ತಿರುವುಮುರುವು ಮಾಡಿ, ಮೊದಲು ಹಿಗ್ಗಿಸಿ ಆಮೇಲೆ ಸವೆಸಿದರೆ ಸಣ್ಣ ಕಪ್ಪು ಗುಂಡಿಗಳು ತುಂಬಿಕೊಳ್ಳುತ್ತವೆ. ಎಷ್ಟು ಮಂದಿಯನ್ನು ನೋಡಬೇಕು ಅನ್ನುವುದೇ ಇದರ ಕಿಟಕಿ. ಮೇಲಿನ ಲೆಕ್ಕದಲ್ಲಿ ಕಿಟಕಿಯ ಅಗಲ ಮೂರು. ಜರಡಿಯ ಕಣ್ಣಿನ ಅಳತೆ ಇದ್ದ ಹಾಗೆ ಇದು: ಕಿಟಕಿಗಿಂತ ಸಣ್ಣದು ಕೆಳಗೆ ಬೀಳುತ್ತದೆ, ದೊಡ್ಡದು ಮೇಲೆ ನಿಲ್ಲುತ್ತದೆ.

ಜರಡಿಯ ಮಾತು ಸುಮ್ಮನೆ ಹೇಳಿದ್ದಲ್ಲ. ಈ ವಿದ್ಯೆ ಹುಟ್ಟಿದ್ದೇ ಕಲ್ಲುಗಳನ್ನು ನೋಡುವ ಕೆಲಸದಲ್ಲಿ. ಫ್ರಾನ್ಸಿನ ಲೊರೇನ್ ಸೀಮೆಯಲ್ಲಿ ಕಬ್ಬಿಣದ ಅದಿರು ಸಿಗುತ್ತಿತ್ತು. ಅದಿರಿನ ಹಾಳೆಯಂಥ ಚೂರನ್ನು ಸೂಕ್ಷ್ಮದರ್ಶಕದಲ್ಲಿಟ್ಟು, ಅದರೊಳಗಿನ ಕಾಳುಗಳ ಅಳತೆ ಏನು, ಹೇಗೆ ಹರಡಿವೆ ಎಂದು ಲೆಕ್ಕ ಹಿಡಿಯಬೇಕಿತ್ತು. ಅದಿರನ್ನು ಪುಡಿಮಾಡಿ ನಿಜವಾದ ಜರಡಿಗೆ ಹಾಕುವ ಬದಲು ಅದರ ಚಿತ್ರವನ್ನೇ ಜರಡಿ ಹಿಡಿದರೆ? 1964ರಲ್ಲಿ ಝಾಂ ಸೆರಾ ಎಂಬ ವಿದ್ಯಾರ್ಥಿ, ಜಾರ್ಜ್ ಮಾಥೆರೋಂ ಎಂಬ ಗುರು, ಇಬ್ಬರೂ ಸೇರಿ ಇದಕ್ಕೆ ಗಣಿತದ ರೂಪ ಕೊಟ್ಟರು. ಅದಕ್ಕೆ ಇಟ್ಟ ಹೆಸರನ್ನು ಕನ್ನಡದಲ್ಲಿ ಆಕಾರಗಳ ಗಣಿತ ಅನ್ನಬಹುದು. ಪುಟ್ಟ ಆಕಾರವೊಂದನ್ನು ಕೈಯಲ್ಲಿ ಹಿಡಿದು ಚಿತ್ರದ ಉದ್ದಗಲಕ್ಕೂ ಓಡಾಡಿಸುತ್ತ, "ಇಲ್ಲಿ ಹಿಡಿಸುತ್ತೀಯಾ? ಇಲ್ಲಿ?" ಎಂದು ಕೇಳುತ್ತ ಹೋಗುವ ವಿದ್ಯೆ. 1968ರಲ್ಲಿ ಪ್ಯಾರಿಸ್ಸಿನ ಹತ್ತಿರದ ಫಾಂಟೆನ್‌ಬ್ಲೋ ಎಂಬಲ್ಲಿ ಇದಕ್ಕೆಂದೇ ಒಂದು ಕೇಂದ್ರ ಶುರುವಾಯಿತು.

ಅಷ್ಟು ದೂರ ಯಾಕೆ, ನಮ್ಮ ಮೈಸೂರು ರಸ್ತೆಗೇ ಬನ್ನಿ. ಅಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಬೆಂಗಳೂರು ಕೇಂದ್ರವಿದೆ. ಅಲ್ಲಿನ ಪ್ರಾಧ್ಯಾಪಕ ಬಿ. ಎಸ್. ದಯಾಸಾಗರ್ ಇದೇ ಗಣಿತವನ್ನು ಭೂಮಿಯ ಮೇಲೆ ಹಚ್ಚಿ ನೋಡಿದವರು. ಫೋಟೊದ ಅಂಕಿಗಳನ್ನು ಎತ್ತರ ಅಂದುಕೊಂಡೆವಲ್ಲ, ಅವರ ಚಿತ್ರಗಳಲ್ಲಿ ಅಂಕಿ ಅನ್ನುವುದು ನಿಜವಾಗಿಯೂ ಎತ್ತರವೇ. ನೆಲದ ಏರು-ತಗ್ಗುಗಳನ್ನು ಅಳೆದು ಬೂದು ಚಿತ್ರ ಮಾಡಿದರೆ ಬೆಟ್ಟ ಬೆಳ್ಳಗೆ, ಹಳ್ಳ ಕಪ್ಪಗೆ ಕಾಣುತ್ತದೆ. ಅದನ್ನು ಸವೆಸುತ್ತ, ಹಿಗ್ಗಿಸುತ್ತ ಹೋದರೆ ಹೊಳೆಗಳ ಜಾಡು, ದಿಬ್ಬಗಳ ಬೆನ್ನು ತಾವಾಗಿಯೇ ಎದ್ದು ಬರುತ್ತವೆ. 2011ರಲ್ಲಿ ಅಂತಾರಾಷ್ಟ್ರೀಯ ಗಣಿತ ಭೂವಿಜ್ಞಾನ ಸಂಘ ಅವರನ್ನು ಜಾರ್ಜ್ ಮಾಥೆರೋಂ ಹೆಸರಿನ ಉಪನ್ಯಾಸಕ್ಕೆ ಆರಿಸಿತು. ಈ ವಿಷಯದ ಮೇಲೆ ಅವರ ದೊಡ್ಡ ಪುಸ್ತಕ ಬಂದದ್ದು 2013ರಲ್ಲಿ. ಬೆಂಗಳೂರಿಗೆ ಇಂಥ ಲೆಕ್ಕ ಎಷ್ಟು ಬೇಕಾದದ್ದು ಎಂದು ಓಕಳಿಪುರದವರಿಗೆ ಬೇರೆಯಾಗಿ ಹೇಳಬೇಕಿಲ್ಲ. ಜೋರು ಮಳೆ ಬಂದರೆ ರೈಲ್ವೆ ಕೆಳಸೇತುವೆಯಲ್ಲಿ ನೀರು ನಿಲ್ಲುತ್ತದೆ. ಬೂದು ಚಿತ್ರದಲ್ಲಿ ಅದೊಂದು ಕಪ್ಪು ಗುಂಡಿ, ಸುತ್ತ ಬೆಳ್ಳನೆ ದಡ. ಊರಿನ ನಡು ಬೆನ್ನಿನ ಈ ಕಡೆ ಬಿದ್ದ ಹನಿ ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಕೊನೆಗೆ ಕಾವೇರಿಗೆ. ಆ ಕಡೆ ಬಿದ್ದದ್ದು ದಕ್ಷಿಣ ಪಿನಾಕಿನಿಗೆ.

ಸರಿ, ನಮ್ಮ ಫೋಟೊಗೆ ಹಿಂತಿರುಗೋಣ.

ಅದರ ಬೂಷ್ಟಿನ ಚುಕ್ಕೆಗಳು ಅಗಲಕ್ಕೆ ಇಪ್ಪತ್ತು, ಇಪ್ಪತ್ತೈದು ಪಿಕ್ಸೆಲ್ ಇದ್ದವು. ಮೊಮ್ಮಗಳು ಕಿಟಕಿಯ ಅಳತೆ 31 ಇರಲಿ ಅಂದಳು. ಅಡ್ಡಕ್ಕೂ 31, ಉದ್ದಕ್ಕೂ 31, ಒಟ್ಟು 961 ಚುಕ್ಕಿ. ಇಬ್ಬರೂ ಕೂತು ನೇರವಾಗಿ ಪ್ರೋಗ್ರಾಮು ಬರೆದೆವು: ಪ್ರತಿ ಪಿಕ್ಸೆಲ್ಲಿನ ಹತ್ತಿರ ಹೋಗು, ಸುತ್ತಲಿನ 961 ಅಂಕಿಗಳನ್ನು ನೋಡು, ಚಿಕ್ಕದನ್ನು ಬರೆದುಕೋ, ಮುಂದೆ ಹೋಗು. ನಮ್ಮ ಹಳೇ ಕಂಪ್ಯೂಟರಿಗೆ ಅದನ್ನು ಹಚ್ಚಿಟ್ಟೆವು. ಅಡುಗೆಯಾಯಿತು, ಊಟವಾಯಿತು, ಅದು ಮಾತ್ರ ಇನ್ನೂ ಗೊರಗೊರ ಅನ್ನುತ್ತಲೇ ಇತ್ತು.

ಲೆಕ್ಕ ಹಾಕಿದರೆ ಅದರ ಕಷ್ಟ ಅರ್ಥವಾಗುತ್ತದೆ. 961 ಅಂಕಿಗಳಲ್ಲಿ ಚಿಕ್ಕದನ್ನು ಹುಡುಕಲು 960 ಹೋಲಿಕೆ ಬೇಕು. 1.2 ಕೋಟಿ ಪಿಕ್ಸೆಲ್ಲಿಗೂ ಅಷ್ಟಷ್ಟು ಎಂದರೆ 1152 ಕೋಟಿ ಹೋಲಿಕೆ. ಅದು ಸವೆಸುವುದಕ್ಕೆ ಮಾತ್ರ. ಹಿಗ್ಗಿಸುವುದಕ್ಕೆ ಮತ್ತಷ್ಟು.

"ತಾತ, ಆಗಲೇ ನೋಡಿದ್ದನ್ನೇ ಎಷ್ಟು ಸಲ ನೋಡತ್ತೆ ಇದು!" ಅಂದಳು ಹುಡುಗಿ. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಕಿಟಕಿ ಒಂದು ಹೆಜ್ಜೆ ಬಲಕ್ಕೆ ಸರಿದರೆ ಹೊಸದಾಗಿ ಒಳಬರುವುದು ಒಂದೇ ಕಂಬಸಾಲು, ಅಂದರೆ 31 ಅಂಕಿ. ಮಿಕ್ಕ 930 ಅಂಕಿಗಳನ್ನು ಈಗತಾನೇ ನೋಡಿಯಾಗಿದೆ. ಆದರೂ ಕಂಪ್ಯೂಟರು ಪೂರ್ತಿ ಮರೆತು ಮತ್ತೆ ಒಂದರಿಂದ ಶುರು ಮಾಡುತ್ತದೆ. ಮರೆತದ್ದು ಅದರ ತಪ್ಪಲ್ಲ. ನೆನಪಿಟ್ಟುಕೋ ಅಂತ ನಾವು ಹೇಳಿರಲಿಲ್ಲ.

ಮೊದಲನೇ ಉಪಾಯ ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿದೆ. ಮೈದಾನದಲ್ಲಿ 31 ಸಾಲು, ಸಾಲಿಗೆ 31 ಮಕ್ಕಳು. ಎಲ್ಲರಿಗಿಂತ ಎತ್ತರದವರು ಯಾರು? ಒಂದೊಂದು ಸಾಲಿನಿಂದ ಅದರಲ್ಲೇ ಎತ್ತರದ ಒಬ್ಬರು ಮುಂದೆ ಬರಲಿ. ಬಂದ 31 ಮಂದಿಯಲ್ಲಿ ಎತ್ತರದವರನ್ನು ಆರಿಸಿದರೆ ಮುಗಿಯಿತು. ಇದರಿಂದ ಏನು ಉಳಿಯಿತು ಎಂದು ನೀವು ಕೇಳಬಹುದು, ಒಂದು ಮೈದಾನಕ್ಕಾದರೆ ಏನೂ ಉಳಿಯುವುದಿಲ್ಲ. ಆದರೆ ನಮ್ಮ ಕಿಟಕಿ ಮೇಲಿಂದ ಕೆಳಕ್ಕೂ ಸರಿಯುತ್ತಿರುತ್ತದೆ. ಒಂದು ಸಾಲಿನಿಂದ ಮುಂದೆ ಬಂದವರು ಆ ಸಾಲು ಸೇರಿರುವ 31 ಕಿಟಕಿಗಳಿಗೂ ಉತ್ತರವಾಗುತ್ತಾರೆ. ಮತ್ತೆ ಮತ್ತೆ ಕರೆಯಬೇಕಿಲ್ಲ. ಹಾಗಾಗಿ ಇಡೀ ಚಿತ್ರವನ್ನು ಮೊದಲು ಅಡ್ಡಸಾಲುಗಳಲ್ಲಿ, ಆಮೇಲೆ ಕಂಬಸಾಲುಗಳಲ್ಲಿ ನೋಡಿದರೆ ಪಿಕ್ಸೆಲ್ಲಿಗೆ 960ರ ಬದಲು 30 ಮತ್ತು 30, ಒಟ್ಟು 60 ಹೋಲಿಕೆ ಸಾಕು. 1152 ಕೋಟಿ ಇದ್ದದ್ದು 72 ಕೋಟಿಗೆ ಇಳಿಯಿತು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅವಳು ಬಿಡಲಿಲ್ಲ. ಒಂದು ಸಾಲಿಗೇ 30 ಯಾಕೆ ಬೇಕು ಅಂದಳು. ಉತ್ತರ ನಮ್ಮ ಮನೆಯ ಕಿಟಕಿಯ ಹೊರಗೇ ಹೋಗುತ್ತಿತ್ತು.

ಓಕಳಿಪುರದಲ್ಲಿ ರೈಲು ನೋಡಲು ಎಲ್ಲಿಗೂ ಹೋಗಬೇಕಿಲ್ಲ. ಮೆಜೆಸ್ಟಿಕ್ ಸ್ಟೇಷನ್ನಿನಿಂದ ಹೊರಟ ಗಾಡಿ ಇನ್ನೂ ವೇಗ ಹಿಡಿದಿರುವುದಿಲ್ಲ, ನಿಧಾನಕ್ಕೆ ತೂಗುತ್ತ ಹೋಗುತ್ತದೆ. ನಮ್ಮ ಕಿಟಕಿಯ ಕಂಬಿಗಳ ನಡುವೆ ಕಾಣುವುದು ಹೆಚ್ಚುಕಡಿಮೆ ಒಂದು ಬೋಗಿಯಷ್ಟು ಜಾಗ. ಹಾಗೆ ನೋಡುವಾಗ ಎರಡೇ ಸಂಗತಿ ಸಾಧ್ಯ. ಒಂದೋ ಒಂದು ಬೋಗಿ ಪೂರ್ತಿ ಕಾಣುತ್ತದೆ. ಇಲ್ಲವೇ ಒಂದು ಬೋಗಿಯ ಬಾಲ, ಮತ್ತೊಂದು ಬೋಗಿಯ ತಲೆ ಕಾಣುತ್ತದೆ. ಮೂರನೇ ಬೋಗಿ ಇಣುಕಲು ಜಾಗವೇ ಇಲ್ಲ. ನಾನು ಹುಟ್ಟಿದಾಗಿನಿಂದ ರೈಲು ನೋಡಿದ್ದೇನೆ. ಇದರಲ್ಲಿ ಒಂದು ಗಣಿತ ಕೂತಿದೆ ಎಂದು ಅವತ್ತಿನವರೆಗೆ ಹೊಳೆದಿರಲಿಲ್ಲ.

ಅಂಕಿಗಳ ಸಾಲನ್ನೂ ರೈಲಿನ ಹಾಗೆ ಬೋಗಿಗಳಾಗಿ ಕತ್ತರಿಸೋಣ. ಕಿಟಕಿ ಎಷ್ಟು ಅಗಲವೋ ಬೋಗಿಯೂ ಅಷ್ಟೇ ಉದ್ದ. ಸುಲಭಕ್ಕೆ ನಾಲ್ಕು ಅಂತ ಇಟ್ಟುಕೊಳ್ಳಿ. ಬೋಗಿಗೆ ನಾಲ್ಕು ಮಂದಿ, ಅವರ ಎತ್ತರ ಹೀಗೆ:

3 7 2 5 | 6 1 8 4 | 2 9 3 1

ಕಿಟಕಿ ಸರಿದಂತೆಲ್ಲ ಒಳಗಿರುವ ನಾಲ್ವರಲ್ಲಿ ಎತ್ತರದವರು ಯಾರು ಎಂದು ಹೇಳಬೇಕು. ಕಿಟಕಿ ಸರಿಸುವ ಮೊದಲೇ ನಾವು ಎರಡು ಪಟ್ಟಿ ಬರೆದಿಟ್ಟುಕೊಳ್ಳುತ್ತೇವೆ. ಒಂದನೇ ಪಟ್ಟಿಗೆ ಒಬ್ಬರು ಪ್ರತಿ ಬೋಗಿಯಲ್ಲೂ ಎಡಬಾಗಿಲಿನಿಂದ ಹತ್ತಿ ನಡೆಯುತ್ತ, ಇಲ್ಲಿಯವರೆಗೆ ಕಂಡವರಲ್ಲಿ ಎತ್ತರದವರು ಎಷ್ಟು ಎಂದು ಬರೆಯುತ್ತಾರೆ. ಬೋಗಿ ಬದಲಾದ ಕೂಡಲೇ ಹಳೆಯದನ್ನು ಮರೆತು ಹೊಸದಾಗಿ ಶುರು.

3 7 7 7 | 6 6 8 8 | 2 9 9 9

ಎರಡನೇ ಪಟ್ಟಿಗೆ ಇನ್ನೊಬ್ಬರು ಬಲಬಾಗಿಲಿನಿಂದ ಹತ್ತಿ ಹಿಂದಕ್ಕೆ ನಡೆಯುತ್ತಾರೆ.

7 7 5 5 | 8 8 8 4 | 9 9 3 1

ಈಗ ಯಾವ ಜಾಗದಲ್ಲಾದರೂ ಕಿಟಕಿ ಇಡಿ. ಮೂರನೆಯವರಿಂದ ಆರನೆಯವರ ತನಕ ಇಟ್ಟೆವು ಅನ್ನಿ. ಒಳಗಿರುವವರು 2, 5, 6, 1. ಮೊದಲ ಬೋಗಿಯ ಬಾಲ 2, 5. ಆ ಬಾಲದ ಎತ್ತರದವರು ಎರಡನೇ ಪಟ್ಟಿಯ ಮೂರನೇ ಜಾಗದಲ್ಲಿ ಆಗಲೇ ಕೂತಿದ್ದಾರೆ: 5. ಎರಡನೇ ಬೋಗಿಯ ತಲೆ 6, 1. ಅದರ ಉತ್ತರ ಮೊದಲನೇ ಪಟ್ಟಿಯ ಆರನೇ ಜಾಗದಲ್ಲಿದೆ: 6. ಐದು, ಆರರಲ್ಲಿ ದೊಡ್ಡದು ಆರು. ಅದೇ ಉತ್ತರ. ಇನ್ನೊಂದು ನೋಡಿ, ಎಂಟರಿಂದ ಹನ್ನೊಂದು: ಎರಡನೇ ಪಟ್ಟಿಯ ಎಂಟರಲ್ಲಿ 4, ಮೊದಲನೇ ಪಟ್ಟಿಯ ಹನ್ನೊಂದರಲ್ಲಿ 9. ಉತ್ತರ 9. ಮೂಲ ಸಾಲಿನಲ್ಲಿ 4, 2, 9, 3 ಇದೆ, ತಾಳೆ ನೋಡಿಕೊಳ್ಳಿ. ಕಾಗದ ಪೆನ್ಸಿಲು ತೆಗೆದುಕೊಂಡು ಉಳಿದವನ್ನೂ ನೀವೇ ಮಾಡಿ, ತಪ್ಪಿದರೆ ಪಟ್ಟಿ ಬರೆಯುವಾಗ ಬೋಗಿ ದಾಟಿದ ಕಡೆ ಮರೆಯಲು ಮರೆತಿರುತ್ತೀರಿ. ಚಿಕ್ಕವರನ್ನು ಹುಡುಕಬೇಕಾದರೂ ಇದೇ ಉಪಾಯ, ದೊಡ್ಡದು ಅಂದ ಕಡೆಯೆಲ್ಲ ಚಿಕ್ಕದು ಅಂದರಾಯಿತು.

ಎಷ್ಟು ಹೋಲಿಕೆ ಬೇಕಾಯಿತು? ಒಬ್ಬೊಬ್ಬರಿಗೆ ಮೊದಲನೇ ಪಟ್ಟಿ ಬರೆಯಲು ಒಂದು, ಎರಡನೇ ಪಟ್ಟಿಗೆ ಒಂದು, ಕೊನೆಗೆ ಬಾಲ-ತಲೆ ಹೋಲಿಸಲು ಒಂದು. ಮೂರೇ ಮೂರು! ನನಗೆ ಇದರಲ್ಲಿ ತುಂಬ ಇಷ್ಟವಾದ ಮಾತು ಇನ್ನೂ ಮುಂದಿದೆ. ಕಿಟಕಿಯನ್ನು ಎಷ್ಟು ಅಗಲ ಮಾಡಿದರೂ ಅದು ಮೂರೇ. ಹಳೇ ಮಾದರಿಯ ಸ್ಲೀಪರ್ ಬೋಗಿಯಲ್ಲಿ 72 ಬರ್ತ್ ಇರುತ್ತವೆ. 72 ಅಗಲದ ಕಿಟಕಿಗೆ ಹಿಂದಿನ ದಾರಿಯಲ್ಲಿ 71 ಹೋಲಿಕೆ, ಈ ದಾರಿಯಲ್ಲಿ ಮೂರು. ಕಿಟಕಿ ಸಾವಿರವಾದರೂ ಮೂರು.

ಇದನ್ನು 1992ರಲ್ಲಿ ಪ್ರಕಟಿಸಿದವರು ಮಾರ್ಸೆಲ್ ವಾನ್ ಹೆರ್ಕ್. ಅವರು ಆಮ್‌ಸ್ಟರ್‌ಡ್ಯಾಮಿನ ಕ್ಯಾನ್ಸರ್ ಸಂಸ್ಥೆಯಲ್ಲಿ ರೋಗಿಗಳ ದೇಹದ ಚಿತ್ರಗಳ ಕೆಲಸ ಮಾಡುತ್ತಿದ್ದವರು. ಅಲ್ಲಿ ಚಿತ್ರ ಬೇಗ ತಿಳಿಯಾದಷ್ಟೂ ಒಳ್ಳೆಯದು. ಜೋಸೆಫ್ ಗಿಲ್, ಮೈಕೆಲ್ ವೆರ್ಮನ್ ಎಂಬಿಬ್ಬರು ತಾವಾಗಿಯೇ ಇದೇ ಉಪಾಯ ಕಂಡುಕೊಂಡು 1993ರಲ್ಲಿ ಬರೆದರು. ಅದಕ್ಕೇ ಈಗ ಮೂವರ ಹೆಸರನ್ನೂ ಸೇರಿಸಿ ಹೇಳುತ್ತಾರೆ.

ನಾವೂ ಬೋಗಿಗಳ ಲೆಕ್ಕದಂತೆ ಪ್ರೋಗ್ರಾಮನ್ನು ತಿದ್ದಿ ಬರೆದೆವು. ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು, ಪಿಕ್ಸೆಲ್ಲಿಗೆ ಆರು ಹೋಲಿಕೆ. ಒಟ್ಟು 7 ಕೋಟಿ 20 ಲಕ್ಷ. 1152 ಕೋಟಿಯ ಮುಂದೆ ಅದು 160ರಲ್ಲಿ ಒಂದು ಪಾಲು. ಕಿಟಕಿಯನ್ನು 101 ಮಾಡಿದ್ದರೆ ಮೊದಲಿನ ದಾರಿಯಲ್ಲಿ 12,240 ಕೋಟಿ ಆಗುತ್ತಿತ್ತು, ಈ ದಾರಿಯಲ್ಲಿ ಆಗಲೂ ಅದೇ 7 ಕೋಟಿ 20 ಲಕ್ಷ. ಹಳೇ ಕಂಪ್ಯೂಟರೇ, ಅದೇ ಫೋಟೊವೇ. ಆದರೆ ಈ ಸಲ ಒಲೆಯ ಮೇಲೆ ಹಾಲು ಉಕ್ಕುವಷ್ಟರಲ್ಲಿ ಚಿತ್ರ ಬಂದಿತ್ತು.

ಬೂಷ್ಟು ಎಲ್ಲ ಹೋಗಿತ್ತು. ಮೊಮ್ಮಗಳು ಚಪ್ಪಾಳೆ ತಟ್ಟಿದಳು. ಆಮೇಲೆ ಇಬ್ಬರೂ ಸುಮ್ಮನಾದೆವು.

ಅಮ್ಮ ಬಗ್ಗಿದ್ದಳು, ಕೈ ಚಾಚಿದ್ದಳು, ಅವಳ ಮುಂದೆ ನೆಲ ಬರಿದಾಗಿತ್ತು. ರಂಗೋಲಿ ಇರಲಿಲ್ಲ. ಅದರ ಗೆರೆಗಳು ಹನ್ನೆರಡು ಪಿಕ್ಸೆಲ್ಲೂ ಅಗಲವಿರಲಿಲ್ಲ. 31ರ ಜರಡಿಯಲ್ಲಿ ಅವೂ ಕೆಳಗೆ ಬಿದ್ದಿದ್ದವು. "ಮೂಗುಬೊಟ್ಟೂ ಇಲ್ಲ ತಾತ," ಅಂದಳು ಅವಳು ಮೆಲ್ಲಗೆ. ಹೌದು. ಆ ಸಾಸಿವೆ ಕಾಳಿನ ಹೊಳಪಿಗೂ ಬೂಷ್ಟಿನ ಚುಕ್ಕೆಗೂ ಅಳತೆಯಲ್ಲಿ ವ್ಯತ್ಯಾಸವೇ ಇರಲಿಲ್ಲ. ಅಳತೆಯೊಂದನ್ನೇ ಬಲ್ಲ ಜರಡಿ ಅದನ್ನು ಹೇಗೆ ತಾನೇ ಉಳಿಸೀತು? ಅಕ್ಷರಗಳ ಚಿತ್ರಗಳಲ್ಲೂ ಇದೇ ಅಪಾಯ. ಕಿಟಕಿ ದೊಡ್ಡದಾದರೆ ಸೊನ್ನೆಯ ಹೊಟ್ಟೆ ತುಂಬಿಹೋಗುತ್ತದೆ, ಠಕಾರದೊಳಗಿನ ಚುಕ್ಕಿ ಅಳಿಸಿಹೋಗುತ್ತದೆ. ಕಂಠ ಎಂದು ಬರೆದದ್ದನ್ನು ಆಮೇಲೆ ಓದುವವರ ಗತಿ ನೋಡಿ.

ಹೋದದ್ದು ಎಲ್ಲಿಗೂ ಹೋಗಿರಲಿಲ್ಲ. ಮೂಲ ಫೋಟೊದ ಅಂಕಿಗಳಿಂದ ಶುದ್ಧವಾದ ಫೋಟೊದ ಅಂಕಿಗಳನ್ನು ಕಳೆಯಿರಿ. ಜರಡಿಯಿಂದ ಕೆಳಗೆ ಬಿದ್ದದ್ದೆಲ್ಲ ಸಿಗುತ್ತದೆ. ಇದಕ್ಕೆ ಟಾಪ್ ಹ್ಯಾಟ್ ಎಂಬ ಹೆಸರಿದೆ, ಬಯಲಿನ ಮೇಲೆ ಎದ್ದು ನಿಂತ ಉದ್ದ ಟೋಪಿಗಳನ್ನು ಮಾತ್ರ ಎತ್ತಿಕೊಂಡ ಹಾಗೆ. ನಾವು ಕಳೆದೆವು. ಪರದೆ ಕಪ್ಪಾಯಿತು. ಆ ಕಪ್ಪಿನ ತುಂಬ ಚುಕ್ಕೆಗಳು. ಅಮಾವಾಸ್ಯೆಯ ರಾತ್ರಿ ಊರಿಂದಾಚೆ ಹೋಗಿ ತಲೆಯೆತ್ತಿದ ಹಾಗಿತ್ತು. ಕೆಳಗಡೆ, ನಕ್ಷತ್ರಗಳ ನಡುವೆ ಹಾಲುಹಾದಿಯಂತೆ, ಅಮ್ಮನ ರಂಗೋಲಿ ಸುತ್ತಿ ಸುತ್ತಿ ಹೋಗಿತ್ತು.

ಇವುಗಳಲ್ಲಿ ಬೇಕಾದದ್ದನ್ನು ಮಾತ್ರ ಆರಿಸಬೇಕು. ಅದಕ್ಕೂ ಒಂದು ದಾರಿ ಇದೆ. ಬೇಕಾದದ್ದರ ಮೇಲೆ ಒಂದು ಕಡೆ ಬೆರಳಿಡಿ. ಅಲ್ಲೊಂದು ಬೀಜ ಬಿತ್ತು ಅಂದುಕೊಳ್ಳಿ. ಬೀಜ ಅಕ್ಕಪಕ್ಕಕ್ಕೆ ಹಿಗ್ಗುತ್ತ ಹೋಗುತ್ತದೆ, ಆದರೆ ಒಂದು ಕಟ್ಟಳೆ: ಯಾವ ಜಾಗದಲ್ಲೂ ಟಾಪ್ ಹ್ಯಾಟ್ ಚಿತ್ರದಲ್ಲಿರುವ ಎತ್ತರವನ್ನು ಮೀರಬಾರದು. ಕಪ್ಪು ಬಂದ ಕಡೆ ಬೆಳೆಯಲು ಎತ್ತರವೇ ಇಲ್ಲ, ಅಲ್ಲಿಗೆ ನಿಲ್ಲುತ್ತದೆ. ಹಾಗಾಗಿ ಬೆರಳಿಟ್ಟ ಗೆರೆಗೆ ಅಂಟಿಕೊಂಡದ್ದೆಲ್ಲ ಮರಳಿ ಬರುತ್ತದೆ, ಅಂಟದ ಬೂಷ್ಟು ಕತ್ತಲಲ್ಲೇ ಉಳಿಯುತ್ತದೆ.

ಇದನ್ನು ಮೊದ್ದುಮೊದ್ದಾಗಿ ಮಾಡಿದರೆ ಮತ್ತೆ ಅದೇ ಗೋಳು. ಬೀಜ ಒಂದು ಹೆಜ್ಜೆ ಬೆಳೆದಾಗಲೆಲ್ಲ 1.2 ಕೋಟಿ ಪಿಕ್ಸೆಲ್ಲುಗಳನ್ನೂ ಹೋಗಿ ಕೇಳಬೇಕು, ನೀನು ಬೆಳೆದೆಯಾ ಎಂದು. 1993ರಲ್ಲಿ ಲ್ಯೂಕ್ ವಿನ್ಸೆಂಟ್ ಎಂಬುವರು ಇದಕ್ಕೆ ಚುರುಕಾದ ದಾರಿ ಬರೆದರು. ಮುಂದೆ ಗೂಗಲ್ಲಿನ ಸ್ಟ್ರೀಟ್ ವ್ಯೂ ಕಟ್ಟಿದವರು ಇವರೇ. ಅವರ ಉಪಾಯದ ತಿರುಳು ನಮ್ಮ ವಠಾರದವರಿಗೆ ಮೊದಲಿನಿಂದಲೂ ಗೊತ್ತಿತ್ತು. ಬೀದಿ ನಲ್ಲಿಯಲ್ಲಿ ನೀರು ಬಂದರೆ ಯಾರೂ ಎಲ್ಲರ ಮನೆಗೂ ಪದೇಪದೇ ಹೋಗಿ ಬಾಗಿಲು ತಟ್ಟುತ್ತಿರಲಿಲ್ಲ. ಸುದ್ದಿ ಸಿಕ್ಕವರು ಪಕ್ಕದ ಮನೆಯವರಿಗೆ "ನೀರು ಬಂತು ಕಣ್ರೀ" ಅನ್ನುತ್ತಿದ್ದರು, ಅವರು ತಮ್ಮ ಪಕ್ಕದವರಿಗೆ. ಆಗಲೇ ಗೊತ್ತಿದ್ದವರ ಹತ್ತಿರ ಮಾತು ನಿಲ್ಲುತ್ತಿತ್ತು. ಕಂಪ್ಯೂಟರಿನಲ್ಲೂ ಹಾಗೇ, ಯಾರು ಈಗತಾನೇ ಬೆಳೆದರೋ ಅವರನ್ನು ಮಾತ್ರ ಒಂದು ಸರತಿ ಸಾಲಿನಲ್ಲಿ ನಿಲ್ಲಿಸುವುದು. ಸಾಲಿನ ಮುಂದಿದ್ದವರು ಪಕ್ಕದವರಿಗೆ ಹೇಳುತ್ತಾರೆ, ಕೇಳಿ ಬೆಳೆದವರು ಸಾಲಿನ ಹಿಂದೆ ಬಂದು ನಿಲ್ಲುತ್ತಾರೆ. ಸಾಲು ಖಾಲಿಯಾದಾಗ ಕೆಲಸ ಮುಗಿಯಿತು.

ಮೊಮ್ಮಗಳು ರಂಗೋಲಿಯ ಮೇಲೆ ಒಂದು ಕಡೆ ಬೆರಳಿಟ್ಟಳು. ಅಮ್ಮ ಅವತ್ತು ಇಟ್ಟಿದ್ದು ಚುಕ್ಕಿಗಳ ಸುತ್ತ ಬಳಸಿಕೊಂಡು ಹೋಗುವ ಒಂದೇ ಎಳೆಯ ರಂಗೋಲಿ. ಬೀಜ ಎಳೆ ಹಿಡಿದು ಓಡಿತು. ಒಂದು ತಿರುವಿನಲ್ಲಿ ಪುಡಿ ತೆಳ್ಳಗೆ ಬಿದ್ದಿತ್ತು, ಅಲ್ಲಿಂದಾಚೆ ಗೆರೆ ಮಸುಕಾಗಿಯೇ ಬಂತು. ಇಕ್ಕಟ್ಟಾದ ದಾರಿಯಲ್ಲಿ ನುಸುಳಿ ಬಂದ ಎತ್ತರ ಆಮೇಲೆ ಹೆಚ್ಚಲಾರದು. ಆಚೆ ಬದಿಗೆ ಇನ್ನೊಂದು ಬೆರಳಿಟ್ಟೆವು, ಅಲ್ಲೂ ಬೆಳಗಿತು. ಎಳೆಯ ಒಳಗಿನ ಚುಕ್ಕಿಗಳಿಗೆ ಒಂದೊಂದಾಗಿ ಬೆರಳಿಡಬೇಕಾಯಿತು, ಅವು ಯಾವುದಕ್ಕೂ ಅಂಟಿರಲಿಲ್ಲ. ಗೆರೆಗೆ ತಾಗಿಕೊಂಡಿದ್ದ ನಾಲ್ಕೈದು ಬೂಷ್ಟಿನ ಚುಕ್ಕೆಗಳೂ ಜೊತೆಗೇ ಬಂದವು. ಇರಲಿ ಬಿಡಿ ಅಂದೆ. ಆಮೇಲೆ ಅವಳು ಮೂಲ ಫೋಟೊವನ್ನೂ ನಕ್ಷತ್ರದ ಚಿತ್ರವನ್ನೂ ಅಕ್ಕಪಕ್ಕ ಇಟ್ಟುಕೊಂಡು ತುಂಬ ಹೊತ್ತು ಹುಡುಕಿದಳು. "ಇದು ಮುತ್ತಜ್ಜಿ ಮೂಗುಬೊಟ್ಟು," ಎಂದು ಒಂದರ ಮೇಲೆ ಬೆರಳಿಟ್ಟಳು.

ಆರಿಸಿದ್ದನ್ನೆಲ್ಲ ಶುದ್ಧವಾದ ಫೋಟೊಗೆ ಕೂಡಿಸುವ ಮೊದಲು ಇನ್ನೊಂದು ಚುಕ್ಕೆ ಉಳಿದಿತ್ತು, ಅಮ್ಮನ ಕಿವಿಯ ಹಿಂದೆ, ಜಡೆಯ ಕಪ್ಪಿನ ಮೇಲೆ. ಬೂಷ್ಟೋ ಮಲ್ಲಿಗೆ ಮೊಗ್ಗೋ? ಅಳತೆ ಒಂದೇ, ಬಿಳುಪು ಒಂದೇ. ಹಿಗ್ಗಿಸಿ ನೋಡಿದಳು, ಸವೆಸಿ ನೋಡಿದಳು, ಗೊತ್ತಾಗಲಿಲ್ಲ. "ಬೆಳಿಗ್ಗೆ ಬೆಳಿಗ್ಗೆ ಯಾರಾದರೂ ಹೂ ಮುಡಿದಿರ್ತಾರಾ ತಾತ?" ಎಂದು ಕೇಳಿದಳು.

ಅಮ್ಮ ಸಂಜೆ ದೀಪ ಹಚ್ಚಿದ ಮೇಲೆ ಹೂ ಮುಡಿಯುತ್ತಿದ್ದಳು. ರಾತ್ರಿ ಮಲಗುವಾಗ ತೆಗೆಯುತ್ತಿರಲಿಲ್ಲ. ಬೆಳಿಗ್ಗೆ ಅವಳು ನೀರು ಚಿಮುಕಿಸಿ ಅಂಗಳ ಗುಡಿಸುವಾಗ ಬಾಡಿದ ಒಂದೋ ಎರಡೋ ಮೊಗ್ಗು ಜಡೆಯಲ್ಲಿ ಸಿಕ್ಕಿಕೊಂಡೇ ಇರುತ್ತಿದ್ದವು.

ಆ ಚುಕ್ಕೆಯ ಮೇಲೆ ನಾನು ಬೆರಳಿಟ್ಟೆ.